ತಡೆಹಿಡಿದ ಶಿಫಾರಸು ಪತ್ರ

ಎರಡು ವರ್ಷದ ಓದು ಇನ್ನೂ ಬಾಕಿಯಿರುವ ವಿದ್ಯಾರ್ಥಿ ಎಂಥ ವೈದ್ಯನಾಗುವನೆಂದು ಬರೆದುಕೊಡಿ ಎಂದರೆ ನೀವು ಏನು ಬರೆದೀರಿ? 1944ರ ಹೊತ್ತಿಗೆ ಅಮೆರಿಕದ ಅಧ್ಯಾಪಕರ ಪಾಡು ಹೀಗೇ ಇತ್ತು. ಅಲ್ಲಿ ಇಂಟರ್ನ್‌ಗಳಿಗಿಂತ ಹುದ್ದೆಗಳೇ ಹೆಚ್ಚು. ಹಾಗಾಗಿ ಆಸ್ಪತ್ರೆಗಳು ಪೈಪೋಟಿಯಿಂದ ಎರಡು ವರ್ಷ ಮೊದಲೇ ವಿದ್ಯಾರ್ಥಿಗಳನ್ನು ಗೊತ್ತುಮಾಡಿಕೊಳ್ಳುತ್ತಿದ್ದವು. 1945ರಲ್ಲಿ ವೈದ್ಯಕೀಯ ಕಾಲೇಜುಗಳು ಒಂದು ಉಪಾಯ ಹೂಡಿದವು: ನಿಗದಿತ ದಿನಾಂಕಕ್ಕೆ ಮುಂಚೆ ಅಂಕಪಟ್ಟಿಯೂ ಇಲ್ಲ, ಶಿಫಾರಸು ಪತ್ರವೂ ಇಲ್ಲ. ಪತ್ರವಿಲ್ಲದೆ ಆಯ್ಕೆ ಹೇಗೆ? ಅವಧಿಗೆ ಮುನ್ನವೇ ನಡೆಯುತ್ತಿದ್ದ ನೇಮಕ ನಿಂತಿತು. ಆತುರ ಮಾತ್ರ ನಿಲ್ಲಲಿಲ್ಲ. ವಿದ್ಯಾರ್ಥಿ ಒಪ್ಪಿಗೆ ತಿಳಿಸಬೇಕಾದ ಗಡುವಿನತ್ತ ಅದು ತಿರುಗಿತು. 10 ದಿನಗಳಿದ್ದ ಗಡುವು ಕುಗ್ಗುತ್ತ ಬಂದು, 1949ರಲ್ಲಿ 12 ಗಂಟೆಯೂ ಹೆಚ್ಚಾಯಿತೆಂದು ಆಸ್ಪತ್ರೆಗಳ ಸಂಘ ತಕರಾರು ತೆಗೆಯಿತು! ಕೊನೆಗೆ 1952ರಲ್ಲಿ, ಎರಡೂ ಕಡೆಯವರ ಆದ್ಯತಾಪಟ್ಟಿಗಳನ್ನು ಒಂದೆಡೆ ತರಿಸಿ ಹೊಂದಿಸುವ 'ಮ್ಯಾಚ್' ಪದ್ಧತಿ ಬಂತು. ತನ್ನ ಪಟ್ಟಿಯಲ್ಲಿ ಯಾರಿಗೆ ಎಷ್ಟನೆಯ ಸ್ಥಾನವೆಂದು ತೀರ್ಮಾನಿಸುವಾಗ ಆಸ್ಪತ್ರೆ ಇಂದಿಗೂ ಆ ಪತ್ರವನ್ನು ಓದುತ್ತದೆ.