ಅಮಾನತ್ ಕಾಯ್ದ ಹಿರಿಯರು: ಗುಲಾಮ್ ಯಜ್ದಾನಿ ಮತ್ತು ಸಂಗಡಿಗರು

ಬೀದರಿನ ಮಹಮೂದ್ ಗವಾನ್ ಮದರಸದ ಮುಂದೆ ನಿಂತರೆ ಮೊದಲು ಕಣ್ಣಿಗೆ ಬೀಳುವುದು ಉಳಿದಿರುವ ಒಂದೇ ಮಿನಾರು. ಇನ್ನೊಂದು ಇಲ್ಲ. ಮುಂಭಾಗದ ಅರ್ಧ ಗೋಡೆಯೂ ಇಲ್ಲ. ಬಹಮನಿ ರಾಜ್ಯದ ವಜೀರ ಗವಾನ್ 1472ರಲ್ಲಿ ಕಟ್ಟಿಸಿದ ಈ ಮೂರು ಅಂತಸ್ತಿನ ವಿದ್ಯಾಲಯದಲ್ಲಿ ಮೂರು ಸಾವಿರ ಗ್ರಂಥಗಳಿದ್ದವೆಂದು ಹೇಳುತ್ತಾರೆ. ಅದನ್ನು ಕೆಡವಿದ್ದು ಹೊರಗಿನ ಶತ್ರುವಲ್ಲ. ಮೊಘಲರ ಆಳ್ವಿಕೆಯಲ್ಲಿ ಅಲ್ಲಿ ಸೈನಿಕರು ತಂಗಿದರು, ಕೋಣೆಗಳಲ್ಲಿ ಸಿಡಿಮದ್ದು ತುಂಬಿಟ್ಟರು. 1696ರ ಸುಮಾರಿಗೆ ಅದು ಸ್ಫೋಟಗೊಂಡಿತು. ವಿದ್ಯೆಯ ಮನೆಯನ್ನು ಮದ್ದಿನ ಮನೆ ಮಾಡಿದ್ದು ನಮ್ಮವರೇ. ನಮ್ಮ ಪರಂಪರೆಯ ಬಗ್ಗೆ ಮಾತಾಡುವಾಗ ಈ ಸತ್ಯದಿಂದಲೇ ಆರಂಭಿಸುವುದು ನ್ಯಾಯ.

ಕಟ್ಟಿದವನ ಹೆಸರು ನಮಗೆ ಗೊತ್ತು. ಉಳಿದಿದ್ದನ್ನು ಕಾಪಾಡಿದವರ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು ಆಗ ಹೈದರಾಬಾದ್ ನಿಜಾಮರ ಸಂಸ್ಥಾನಕ್ಕೆ ಸೇರಿದ್ದವು. 1914ರಲ್ಲಿ ಆ ಸಂಸ್ಥಾನ ತನ್ನದೇ ಪುರಾತತ್ವ ಇಲಾಖೆಯನ್ನು ತೆರೆಯಿತು. ಅದೇ ವರ್ಷ ಹೈದರಾಬಾದ್ ಆರ್ಕಿಯಲಾಜಿಕಲ್ ಸೊಸೈಟಿ ಎಂಬ ಸಂಘವೂ ಹುಟ್ಟಿತು. ಆಡಳಿತದಲ್ಲಿ ಉನ್ನತ ಸ್ಥಾನದಲ್ಲಿದ್ದ ಅಕ್ಬರ್ ಹೈದರಿಯವರು ಈ ಕೆಲಸದ ಹಿಂದೆ ನಿಂತರು. ಇಲಾಖೆಯ ಚುಕ್ಕಾಣಿ ಹಿಡಿದವರು ದೆಹಲಿಯಲ್ಲಿ 1885ರಲ್ಲಿ ಜನಿಸಿದ ಗುಲಾಮ್ ಯಜ್ದಾನಿ. ಅರಬಿ ಮತ್ತು ಫಾರ್ಸಿ ಅವರ ವಿದ್ಯೆ. ಮಸೀದಿ, ಮಕ್ಬರಾಗಳ ಶಾಸನಗಳನ್ನು ಪ್ರಕಟಿಸುವ 'ಎಪಿಗ್ರಾಫಿಯಾ ಇಂಡೋ ಮೊಸ್ಲೆಮಿಕಾ' ಪತ್ರಿಕೆಯ ಸಂಪಾದಕರೂ ಅವರೇ. ಅಂಥವರು ತಮಗೆ ಗೊತ್ತಿದ್ದ ಲಿಪಿಯ ಕಲ್ಲುಗಳನ್ನಷ್ಟೇ ನೋಡಿಕೊಂಡಿದ್ದರೂ ಯಾರೂ ತಪ್ಪೆನ್ನುತ್ತಿರಲಿಲ್ಲ. ಆದರೆ ಅವರು ಹಾಗೆ ಮಾಡಲಿಲ್ಲ.

ಇಲಾಖೆ ಹುಟ್ಟಿದ ಮರುವರ್ಷವೇ, 1915ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರ್ ಚಿನ್ನ ಹುಡುಕುತ್ತಾ ಒಂದು ಬಂಡೆಯ ಮೇಲೆ ಬರಹ ಕಂಡರು. ಅದು ಅಶೋಕನ ಶಾಸನ. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲಿ 'ದೇವಾನಾಂಪಿಯ', 'ಪಿಯದಸಿ' ಎಂಬ ಬಿರುದುಗಳಷ್ಟೇ ಇದ್ದವು. 'ಅಶೋಕ' ಎಂಬ ಹೆಸರು ಮೊದಲು ಸಿಕ್ಕಿದ್ದು ಮಸ್ಕಿಯಲ್ಲಿ. ಇದನ್ನು ಓದಿ ವಿವರಿಸಿದವರು ಶಾಸನತಜ್ಞ ಎಚ್. ಕೃಷ್ಣಶಾಸ್ತ್ರಿ. ನಿಜಾಮರ ಇಲಾಖೆ ತನ್ನ ಗ್ರಂಥಮಾಲೆಯ ಮೊದಲ ಪುಸ್ತಕವಾಗಿ ಹೊರತಂದದ್ದು ಇದನ್ನೇ. ಒಬ್ಬ ಮುಸ್ಲಿಮ್ ದೊರೆಯ ಸಂಸ್ಥಾನ, ಒಬ್ಬ ಮುಸ್ಲಿಮ್ ಮುಖ್ಯಸ್ಥ, ಒಬ್ಬ ಶಾಸ್ತ್ರಿ, ಒಬ್ಬ ಬೌದ್ಧ ಚಕ್ರವರ್ತಿಯ ಮಾತು! ಇತಿಹಾಸವನ್ನು ಹಂಚಿಕೊಂಡು ಜಗಳವಾಡುವ ಇಂದಿನ ದಿನಗಳಲ್ಲಿ ಇದನ್ನು ನಮ್ಮ ಮಕ್ಕಳಿಗೆ ಹೇಳಬೇಕು.

ಅದೇ ಗ್ರಂಥಮಾಲೆಯಲ್ಲಿ ಕಲಬುರಗಿ ಜಿಲ್ಲೆಯ ನಾಗಾವಿಯ ಕನ್ನಡ ಶಾಸನಗಳು 1928ರಲ್ಲಿ, ಕೊಪ್ಪಳದ ಅಶೋಕನ ಶಾಸನಗಳು 1932ರಲ್ಲಿ, ಕೊಪ್ಪಳದ ಕನ್ನಡ ಶಾಸನಗಳು 1935ರಲ್ಲಿ ಅಚ್ಚಾದವು. ನಾಗಾವಿಯ 1058ರ ಶಾಸನದಲ್ಲಿ ಚಾಲುಕ್ಯರ ಕಾಲದ ಒಂದು ದೊಡ್ಡ ವಿದ್ಯಾಲಯದ ವಿವರವಿದೆ. ವಿದ್ಯಾರ್ಥಿಗಳ ಊಟ, ಅಧ್ಯಾಪಕರ ಜೀವನ, ಗ್ರಂಥ ಭಂಡಾರ ನೋಡಿಕೊಳ್ಳುವವರ ಜೀವನ ಎಲ್ಲಕ್ಕೂ ಅಲ್ಲಿ ದಾನವಿತ್ತು. ನಾಗಾವಿಯ ಘಟಿಕಾಸ್ಥಾನ, ಬೀದರಿನ ಮದರಸ: ನಾಲ್ಕು ಶತಮಾನಗಳ ಅಂತರದಲ್ಲಿ ಒಂದೇ ಸೀಮೆಯ ಎರಡು ವಿದ್ಯಾಲಯಗಳು. ಎರಡರ ನೆನಪನ್ನೂ ಕಾಪಾಡಿದ್ದು ಒಂದೇ ಕಚೇರಿ.

ಅಜಂತಾದ ಗುಹೆಗಳೂ ಆಗ ನಿಜಾಮರ ಸೀಮೆಯಲ್ಲಿದ್ದವು. ಅಲ್ಲಿನ ಚಿತ್ರಗಳ ಗಾರೆ ಗೋಡೆಯಿಂದ ಕಳಚಿ ಉದುರುತ್ತಿತ್ತು. ಇಲಾಖೆ ಇಟಲಿಯಿಂದ ಚೆಕ್ಕೋನಿ, ಒರ್ಸಿನಿ ಎಂಬ ಇಬ್ಬರು ತಜ್ಞರನ್ನು ಕರೆಸಿ 1920ರಿಂದ 1922ರ ನಡುವೆ ಅವನ್ನು ಗೋಡೆಗೆ ಭದ್ರಪಡಿಸಿತು. ಅದಕ್ಕೂ ಮೊದಲೇ, ಲೇಡಿ ಹೆರಿಂಗ್‌ಹ್ಯಾಮ್ ಅವರ ತಂಡದಲ್ಲಿ ಚಿತ್ರಗಳ ನಕಲು ತೆಗೆಯಲು ಹೋದವರಲ್ಲಿ ಮೈಸೂರು ಸೀಮೆಯ ಕೆ. ವೆಂಕಟಪ್ಪನವರೂ ಹೈದರಾಬಾದಿನ ಸೈಯದ್ ಅಹ್ಮದರೂ ಇದ್ದರು. ಸೈಯದ್ ಅಹ್ಮದ್ ಮುಂದೆ ಅಜಂತಾದ ಉಸ್ತುವಾರಿಯನ್ನೇ ಹೊತ್ತರು. ಯಜ್ದಾನಿಯವರ 'ಅಜಂತಾ' ಗ್ರಂಥದ ಮೊದಲ ಭಾಗ 1930ರಲ್ಲಿ, ನಾಲ್ಕನೆಯ ಭಾಗ 1955ರಲ್ಲಿ ಬಂತು. 1943ರಲ್ಲಿ ನಿವೃತ್ತರಾದ ಮೇಲೂ ಅವರು ಆ ಕೆಲಸವನ್ನು ಕೈಬಿಡಲಿಲ್ಲ.

ಮುಸ್ಲಿಮನೊಬ್ಬ ಬೌದ್ಧರ ಚಿತ್ರಗಳನ್ನು ಕಾಯುವುದು ಸರಿಯೇ ಎಂದು ಕೆಲವು ಯುವಕರು ಕೇಳುತ್ತಾರೆ. ಕಾಯುವುದು ಬೇರೆ, ಪೂಜಿಸುವುದು ಬೇರೆ. ಸಹಾಬಿಗಳು ಈಜಿಪ್ಟನ್ನು ಆಳಿದರು. ಪಿರಮಿಡ್ಡುಗಳು ಇಂದಿಗೂ ನಿಂತಿವೆ. ಅಮಾನತ್ತುಗಳನ್ನು ಅವುಗಳ ಹಕ್ಕುದಾರರಿಗೆ ತಲುಪಿಸಬೇಕೆಂಬ ಆದೇಶ ಸೂರಃ ಅನ್ನಿಸಾದಲ್ಲಿದೆ. ಆ ಹಕ್ಕುದಾರ ಮುಸ್ಲಿಮನೇ ಆಗಿರಬೇಕೆಂಬ ಷರತ್ತು ಅಲ್ಲಿಲ್ಲ. ಮಕ್ಕಾದಿಂದ ಹಿಜ್ರತ್ ಹೊರಟ ರಾತ್ರಿ ಪ್ರವಾದಿವರ್ಯರು (ಸ) ತಮ್ಮ ಬಳಿ ಇದ್ದ ವಿರೋಧಿಗಳ ಒಡವೆಗಳನ್ನು ಮರಳಿಸಲು ಹಝ್ರತ್ ಅಲಿಯವರನ್ನು (ರ) ಹಿಂದೆ ಬಿಟ್ಟು ಹೋದದ್ದು ನಮಗೆಲ್ಲ ಗೊತ್ತಿರುವ ಘಟನೆ. ಪ್ರಾಣಕ್ಕೆ ಅಪಾಯವಿದ್ದಾಗಲೂ ಅಮಾನತ್ ಅಮಾನತ್ತೇ.

ಇನ್ನು ನಮ್ಮದೇ ಪರಂಪರೆಯ ಮಾತು. ಬೀದರಿನ ಸ್ಮಾರಕಗಳ ಬಗ್ಗೆ ಯಜ್ದಾನಿಯವರ ಬೃಹತ್ ಗ್ರಂಥ 1947ರಲ್ಲಿ ಪ್ರಕಟವಾಯಿತು. ಕೋಟೆಯ ಬಾಗಿಲುಗಳು, ರಂಗೀನ್ ಮಹಲಿನ ಮುತ್ತಿನ ಚಿಪ್ಪಿನ ಕೆಲಸ, ಸೋಲಾ ಖಂಬ ಮಸೀದಿ, ಅಷ್ಟೂರಿನ ಗುಂಬಜುಗಳು ಎಲ್ಲವನ್ನೂ ಅಳೆದು, ಚಿತ್ರ ತೆಗೆದು, ಶಾಸನ ಓದಿ ಬರೆದಿದ್ದಾರೆ. ಅಷ್ಟೂರಿನಲ್ಲಿ ಸುಲ್ತಾನ್ ಅಹ್ಮದ್ ಶಾ ವಲಿಯ ಉರೂಸಿಗೆ ಮಾಡಿಯಾಳದಿಂದ ಜಂಗಮರು ಬರುವ ಪದ್ಧತಿ ಇಂದಿಗೂ ಇದೆ. ಈ ನೆಲದಲ್ಲಿ ನಮ್ಮ ಬೇರು ಎಷ್ಟು ಆಳವಾಗಿದೆ ಎಂದು ಯಾರಾದರೂ ಕೇಳಿದರೆ ತೋರಿಸಲು ಇಂಥ ದಾಖಲೆಗಳೇ ಬೇಕು, ಆವೇಶದ ಮಾತುಗಳಲ್ಲ.

ಆದರೆ ನಾವು ಏನು ಮಾಡುತ್ತಿದ್ದೇವೆ? ಮಸೀದಿ ದೊಡ್ಡದು ಮಾಡುವಾಗ ಹಳೆಯ ಕೆತ್ತನೆಯ ಕಲ್ಲು ಅಡಿಪಾಯಕ್ಕೆ ಹೋಗುತ್ತದೆ. ಮೆಹ್ರಾಬಿನ ಪಕ್ಕದ ಫಾರ್ಸಿ ಶಾಸನದ ಮೇಲೆ ರಮಝಾನಿಗೆ ಮುಂಚೆ ಎಣ್ಣೆಬಣ್ಣ ಬೀಳುತ್ತದೆ. ವಕ್ಫ್ ಪತ್ರಗಳು ಯಾರದೋ ಮನೆಯ ಅಟ್ಟದಲ್ಲಿ ಗೆದ್ದಲಿಗೆ ಆಹಾರವಾಗುತ್ತವೆ. ಮುಂದೊಂದು ದಿನ ಆ ಜಾಗದ ಬಗ್ಗೆ ಪ್ರಶ್ನೆ ಎದ್ದಾಗ ಕೈಯಲ್ಲಿ ಒಂದು ಕಾಗದವೂ ಇಲ್ಲದೆ ಅಲೆಯುತ್ತೇವೆ. ಇದೆಲ್ಲ ಕೆಟ್ಟ ಉದ್ದೇಶದಿಂದ ಆದದ್ದಲ್ಲ. ಆದರೆ ಒಳ್ಳೆಯ ನಿಯ್ಯತ್ ಮಾತ್ರ ಸಾಲದು. ಅಜಂತಾದಲ್ಲಿ ಇಟಲಿಯ ತಜ್ಞರು ರಕ್ಷಣೆಗೆಂದು ಬಳಿದ ಅರಗಿನ ಲೇಪವೇ ಕಾಲಕ್ರಮದಲ್ಲಿ ಹಳದಿಯಾಗಿ ಚಿತ್ರಗಳನ್ನು ಮಂಕಾಗಿಸಿತು. ತಜ್ಞರ ಕೈಯೇ ತಪ್ಪುವಾಗ ನಮ್ಮ ಬಣ್ಣದ ಡಬ್ಬ ಎಷ್ಟು ಎಚ್ಚರದಿಂದ ಇರಬೇಕು?

ಹಾಗಾಗಿ ಜಮಾಅತ್ ಕಮಿಟಿಗಳ ಹಿರಿಯರಲ್ಲಿ ನಮ್ಮ ವಿನಂತಿ ಇಷ್ಟೆ. ಮಸೀದಿ, ದರ್ಗಾ, ಕಬರಸ್ತಾನದ ಹಳೆಯ ಬರಹಗಳನ್ನು ಮುಟ್ಟುವ ಮೊದಲು ಫೋಟೋ ತೆಗೆಯಿರಿ. ಓದಲಾಗದಿದ್ದರೆ ನಾಗಪುರದಲ್ಲಿರುವ ಭಾರತೀಯ ಪುರಾತತ್ವ ಇಲಾಖೆಯ ಅರಬಿ-ಫಾರ್ಸಿ ಶಾಸನ ವಿಭಾಗವನ್ನು ಸಂಪರ್ಕಿಸಿ. ಸಂರಕ್ಷಿತ ಸ್ಮಾರಕವಾಗಿದ್ದರೆ ಅನುಮತಿಯಿಲ್ಲದೆ ಸುತ್ತಿಗೆ ಎತ್ತಬೇಡಿ. ವಕ್ಫ್ ಪತ್ರಗಳ ನಕಲು ತೆಗೆದು ಎರಡು ಕಡೆ ಇಡಿ. ಊರ ಹಳೆಯ ಗುಡಿ, ಬಸದಿ, ವೀರಗಲ್ಲು ಪಾಳುಬಿದ್ದಿದ್ದರೆ ನೆರೆಯವರ ಜೊತೆ ನೀವೂ ಹೋಗಿ ನಿಲ್ಲಿ. ಅದು ಯಜ್ದಾನಿಯವರು ತೋರಿದ ದಾರಿ.

1959ರಲ್ಲಿ ಭಾರತ ಸರ್ಕಾರ ಯಜ್ದಾನಿಯವರಿಗೆ ಪದ್ಮಭೂಷಣ ನೀಡಿತು. 1962ರಲ್ಲಿ ಅವರು ತೀರಿಕೊಂಡರು. ಗವಾನ್ ಮದರಸದ ಆ ಒಂದು ಮಿನಾರು ಇನ್ನೂ ನಿಂತಿದೆ. ನಿಮ್ಮಲ್ಲಿ ಪ್ರತಿಯೊಬ್ಬರೂ ಕುರಿಗಾಹಿಗಳು, ತಮ್ಮ ಹೊಣೆಯ ಬಗ್ಗೆ ಪ್ರತಿಯೊಬ್ಬರೂ ವಿಚಾರಣೆಗೆ ಗುರಿಯಾಗುವಿರಿ ಎಂಬ ಅರ್ಥದ ಹದೀಸನ್ನು ನಾವು ಎಷ್ಟೋ ಜುಮಾಗಳಲ್ಲಿ ಕೇಳಿದ್ದೇವೆ. ನಮ್ಮ ಊರಿನ ಕಲ್ಲುಗಳೂ ಕಾಗದಗಳೂ ಆ ವಿಚಾರಣೆಯಲ್ಲಿ ಸೇರಿವೆ ಎಂಬುದನ್ನು ಮರೆಯದಿರೋಣ. ನಮ್ಮ ಕೈಗೆ ಬಂದುದನ್ನು ನಮ್ಮ ಮಕ್ಕಳ ಕೈಗೆ ಸುರಕ್ಷಿತವಾಗಿ ತಲುಪಿಸುವ ಭಾಗ್ಯವನ್ನು ಅಲ್ಲಾಹನು ನಮಗೆ ಕರುಣಿಸಲಿ, ಆಮೀನ್.