ಉಳಿಸಿಟ್ಟ ಬುಕ್‌ಮಾರ್ಕ್ ಹುಡುಕುವುದು, ಅದಕ್ಕೆ ಕನ್ನಡದ ಹೆಸರಿಡುವುದು

ಗಡಿನಾಡಿನ ಕನ್ನಡಿಗರಾದ ನಮ್ಮ ಸರ್ಕಾರಿ ಕೆಲಸಗಳು ಈಗ ಬಹುಪಾಲು ಜಾಲತಾಣಗಳಲ್ಲೇ ನಡೆಯುತ್ತವೆ. ಕಾಸರಗೋಡಿನವರಿಗೆ ಆ ಪುಟಗಳು ಮಲಯಾಳದಲ್ಲಿ, ತಾಳವಾಡಿ ಮತ್ತು ಹೊಸೂರಿನವರಿಗೆ ತಮಿಳಿನಲ್ಲಿ, ಅಕ್ಕಲಕೋಟೆ ಮತ್ತು ಜತ್ತದವರಿಗೆ ಮರಾಠಿಯಲ್ಲಿ, ಆದೋನಿ ಮತ್ತು ಮಡಕಶಿರಾದವರಿಗೆ ತೆಲುಗಿನಲ್ಲಿ, ಇಲ್ಲವೇ ಎಲ್ಲರಿಗೂ ಇಂಗ್ಲಿಷಿನಲ್ಲಿ ಸಿಗುತ್ತವೆ. ಪುಟವನ್ನು ಬುಕ್‌ಮಾರ್ಕ್ ಮಾಡಿದಾಗ ಅದರ ಹೆಸರೂ ಅದೇ ಭಾಷೆಯಲ್ಲಿ ಉಳಿಯುತ್ತದೆ. ಮನೆಯಲ್ಲಿ ಕನ್ನಡ ಮಾತ್ರ ಓದಬಲ್ಲ ಹಿರಿಯರಿಗೆ, ಕನ್ನಡ ಮಾಧ್ಯಮದ ಮಕ್ಕಳಿಗೆ ಆ ಪಟ್ಟಿ ಇದ್ದೂ ಇಲ್ಲದಂತೆ. ಅರ್ಜಿಯ ಕೊನೆಯ ದಿನ ಹತ್ತಿರವಾದಾಗ ಇದರ ಬೆಲೆ ತಿಳಿಯುತ್ತದೆ. ಇದಕ್ಕೆ ಪರಿಹಾರ ಸುಲಭ: ಉಳಿಸುವಾಗಲೇ ಕನ್ನಡದಲ್ಲಿ ಹೆಸರಿಡುವುದು.

ಎಲ್ಲಿ ಇರುತ್ತವೆ?

ಕಂಪ್ಯೂಟರಿನ ಕ್ರೋಮ್‌ನಲ್ಲಿ ಕಂಟ್ರೋಲ್ ಮತ್ತು ಡಿ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ತೆರೆದಿರುವ ಪುಟ ಬುಕ್‌ಮಾರ್ಕ್ ಆಗುತ್ತದೆ. ಕಂಟ್ರೋಲ್, ಶಿಫ್ಟ್, ಓ ಒತ್ತಿದರೆ ಉಳಿಸಿದ್ದೆಲ್ಲವೂ ಒಂದೇ ಪಟ್ಟಿಯಲ್ಲಿ ತೆರೆದುಕೊಳ್ಳುತ್ತದೆ. ಕಂಟ್ರೋಲ್, ಶಿಫ್ಟ್, ಬಿ ಒತ್ತಿದರೆ ವಿಳಾಸಪಟ್ಟಿಯ ಕೆಳಗೆ ಬುಕ್‌ಮಾರ್ಕ್ ಸಾಲು ಕಾಣುತ್ತದೆ. ವಿಂಡೋಸ್‌ನಲ್ಲಿ ಫೈರ್‌ಫಾಕ್ಸ್ ಬಳಸುವವರಿಗೂ ಇವೇ ಕೀಲಿಗಳು ಸಾಕು.

ಆಂಡ್ರಾಯ್ಡ್ ಫೋನಿನ ಕ್ರೋಮ್‌ನಲ್ಲಿ ಮೇಲಿನ ಮೂರು ಚುಕ್ಕಿಗಳನ್ನು ಒತ್ತಿ ನಕ್ಷತ್ರದ ಗುರುತು ಮುಟ್ಟಿದರೆ ಪುಟ ಉಳಿಯುತ್ತದೆ. ಅದೇ ಮೆನುವಿನಲ್ಲಿ ‘ಬುಕ್‌ಮಾರ್ಕ್‌ಗಳು’ ಎಂಬಲ್ಲಿ ಪಟ್ಟಿ ಸಿಗುತ್ತದೆ. ಫೋನಿನಲ್ಲಿ ಉಳಿಸಿದ್ದು ಕಂಪ್ಯೂಟರಿನಲ್ಲಿ ಕಾಣಿಸುತ್ತಿಲ್ಲವೆಂದರೆ ಎರಡು ಸಂಗತಿ ನೋಡಿ. ಎರಡರಲ್ಲೂ ಒಂದೇ ಖಾತೆಯಿಂದ ಸೈನ್ ಇನ್ ಆಗಿ, ಸಿಂಕ್ ನಡೆಯುತ್ತಿರಬೇಕು. ಹಾಗಿದ್ದರೆ ‘ಮೊಬೈಲ್ ಬುಕ್‌ಮಾರ್ಕ್‌ಗಳು’ ಎಂಬ ಬೇರೆ ಫೋಲ್ಡರನ್ನೂ ತೆರೆದು ನೋಡಿ. ಹೆಚ್ಚಾಗಿ ಅಲ್ಲೇ ಇರುತ್ತವೆ.

ಹೆಸರು ಬದಲಿಸುವುದು

ಪಟ್ಟಿಯಲ್ಲಿ ಬುಕ್‌ಮಾರ್ಕಿನ ಪಕ್ಕದ ಮೂರು ಚುಕ್ಕಿ ಒತ್ತಿ ‘ಎಡಿಟ್’ ಆರಿಸಿ. ಹಳೆಯ ಹೆಸರಿನ ಮುಂದೆ ಕನ್ನಡದ ಹೆಸರು ಸೇರಿಸಿ. ಮೂಲ ಹೆಸರನ್ನು ಪೂರ್ತಿ ಅಳಿಸದಿರುವುದು ಒಳ್ಳೆಯದು. ಅಕ್ಷಯ ಕೇಂದ್ರದಲ್ಲೋ ಮೀಸೇವಾ ಕೇಂದ್ರದಲ್ಲೋ ಕೇಳಬೇಕಾದಾಗ ಅದೇ ಹೆಸರು ಬೇಕಾಗುತ್ತದೆ.

ಪುಟದೊಳಗೆ ಏನು ಬರೆದಿದೆ ಎಂಬುದನ್ನು ಬುಕ್‌ಮಾರ್ಕ್ ಹುಡುಕಾಟ ನೋಡುವುದಿಲ್ಲ. ಹೆಸರು ಮತ್ತು ವಿಳಾಸವನ್ನಷ್ಟೇ ನೋಡುತ್ತದೆ. ‘ಪಹಣಿ’ ಎಂದು ಸೇರಿಸಿಟ್ಟರೆ, ‘ಪಹಣಿ’ ಎಂದು ಟೈಪಿಸಿದ ಕೂಡಲೇ ಮಹಾರಾಷ್ಟ್ರದ ಸಾತ್‌ಬಾರಾ ಪುಟವೂ ತಮಿಳುನಾಡಿನ ಪಟ್ಟಾ ಚಿಟ್ಟಾ ಪುಟವೂ ಎದುರಿಗೆ ಬರುತ್ತವೆ. ಹಾಗಾಗಿ ಮನೆಯಲ್ಲಿ ಎಲ್ಲರೂ ಆಡುವ ಮಾತನ್ನೇ ಹೆಸರಿಗೆ ಬಳಸಿ.

ಫೋಲ್ಡರುಗಳು

ಐದಾರು ಫೋಲ್ಡರುಗಳಿದ್ದರೆ ಒಂದು ಮನೆಗೆ ಸಾಕು:

1. ಜಮೀನು ಮತ್ತು ತೆರಿಗೆ
2. ಶಾಲೆ ಮತ್ತು ಪಠ್ಯಪುಸ್ತಕ
3. ವಿದ್ಯಾರ್ಥಿವೇತನ ಮತ್ತು ಪರೀಕ್ಷೆ
4. ಪಡಿತರ, ಪಿಂಚಣಿ, ಆರೋಗ್ಯ
5. ಕನ್ನಡ ಓದು

ಹೆಸರಿನ ಮುಂದೆ ಅಂಕೆ ಹಾಕಿದರೆ, ಹೆಸರಿನ ಪ್ರಕಾರ ಜೋಡಿಸಿದಾಗಲೂ ನಿಮಗೆ ಬೇಕಾದ ಕ್ರಮವೇ ಉಳಿಯುತ್ತದೆ. ಎರಡನೆಯ ಫೋಲ್ಡರಿನಲ್ಲಿ ಕೇರಳದವರು ‘ಸಮಗ್ರ’ ಜಾಲತಾಣದ ಕನ್ನಡ ಮಾಧ್ಯಮದ ಪುಸ್ತಕಗಳ ಪುಟವನ್ನು ಇಡಬಹುದು. ಐದನೆಯದರಲ್ಲಿ ಕನ್ನಡ ವಿಕಿಪೀಡಿಯ, ಕಣಜ, ಭಾರತವಾಣಿ, ವಿ. ಕೃಷ್ಣ ಅವರು ರೂಪಿಸಿದ ‘ಅಲರ್’ ನಿಘಂಟು ಇರಲಿ.

ವಿಳಾಸ ಬದಲಾದಾಗ

ಬುಕ್‌ಮಾರ್ಕ್ ಉಳಿಸುವುದು ಪುಟವನ್ನಲ್ಲ, ಅದರ ವಿಳಾಸವನ್ನು ಮಾತ್ರ. ಮನೆಯೇ ಸ್ಥಳಾಂತರವಾದರೆ ವಿಳಾಸದಿಂದ ಪ್ರಯೋಜನವಿಲ್ಲ. ತೆಲಂಗಾಣದಲ್ಲಿ 2020ರಲ್ಲಿ ಆರಂಭವಾದ ‘ಧರಣಿ’ ಭೂದಾಖಲೆ ತಾಣದ ಜಾಗಕ್ಕೆ 2025ರಲ್ಲಿ ‘ಭೂಭಾರತಿ’ ಬಂತು. ಹಳೆಯ ಬುಕ್‌ಮಾರ್ಕ್ ನಂಬಿದವರು ಹೊಸದನ್ನು ಹುಡುಕಬೇಕಾಯಿತು. ಆದ್ದರಿಂದ ಆರು ತಿಂಗಳಿಗೊಮ್ಮೆ ಮುಖ್ಯ ಬುಕ್‌ಮಾರ್ಕ್‌ಗಳನ್ನು ತೆರೆದು ನೋಡಿ. ಕನ್ನಡದಲ್ಲಿ ಬಂದ ಸುತ್ತೋಲೆ, ಆದೇಶ, ಅರ್ಜಿ ನಮೂನೆಗಳನ್ನು ಬುಕ್‌ಮಾರ್ಕ್ ಮಾಡಿದರೆ ಸಾಲದು. ‘ಪ್ರಿಂಟ್’ ಮೂಲಕ ಪಿಡಿಎಫ್ ಆಗಿಯೂ ಉಳಿಸಿಕೊಳ್ಳಿ. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಸೌಲಭ್ಯ ಒದಗಿಸಬೇಕೆನ್ನುತ್ತದೆ. ಅಂಥ ಸೌಲಭ್ಯ ಕೇಳುವಾಗ ಕೈಯಲ್ಲಿರುವ ಆದೇಶದ ಪ್ರತಿಗೆ ತೂಕ ಹೆಚ್ಚು.

ಹಂಚುವುದು ಮತ್ತು ಎಚ್ಚರಿಕೆ

ಕಂಪ್ಯೂಟರಿನ ಕ್ರೋಮ್‌ನಲ್ಲಿ ಬುಕ್‌ಮಾರ್ಕ್ ಪಟ್ಟಿಯ ಪುಟದ ಮೇಲ್ತುದಿಯ ಮೂರು ಚುಕ್ಕಿಗಳಲ್ಲಿ ‘ಎಕ್ಸ್‌ಪೋರ್ಟ್’ ಆರಿಸಿದರೆ ಇಡೀ ಪಟ್ಟಿ ಒಂದು ಕಡತವಾಗಿ ಸಿಗುತ್ತದೆ. ಅದನ್ನು ಬೇರೆ ಕಂಪ್ಯೂಟರಿನಲ್ಲಿ ‘ಇಂಪೋರ್ಟ್’ ಮಾಡಬಹುದು. ಊರಿನ ಒಬ್ಬರು ಕನ್ನಡದ ಹೆಸರಿಟ್ಟು ಅಣಿಗೊಳಿಸಿದ ಪಟ್ಟಿ ಹೀಗೆ ಹತ್ತು ಮನೆಗಳಿಗೆ ಉಪಯೋಗವಾದೀತು. ಕೊಡುವ ಮೊದಲು ಬ್ಯಾಂಕ್ ಮತ್ತು ಇತರ ಖಾಸಗಿ ಪುಟಗಳನ್ನು ತೆಗೆದುಬಿಡಿ. ಕಡತದಲ್ಲಿ ಎಲ್ಲವೂ ಸೇರಿರುತ್ತದೆ.

ವಾಚನಾಲಯ ಅಥವಾ ಸೇವಾ ಕೇಂದ್ರದ ಕಂಪ್ಯೂಟರಿನಲ್ಲಿ ನಿಮ್ಮ ಖಾತೆಯಿಂದ ಸಿಂಕ್ ಮಾಡಬೇಡಿ. ಕೈತಪ್ಪಿ ಬುಕ್‌ಮಾರ್ಕ್ ಅಳಿಸಿದರೆ, ಪಟ್ಟಿಯ ಪುಟ ಮುಚ್ಚುವ ಮೊದಲೇ ಕಂಟ್ರೋಲ್ ಮತ್ತು ಝೆಡ್ ಒತ್ತಿ, ಅದು ಮರಳುತ್ತದೆ.

ಬಂಧುಗಳೇ, ಇವತ್ತೇ ನಿಮ್ಮ ಫೋನಿನ ಪಟ್ಟಿ ತೆರೆದು, ಹೆಚ್ಚು ಬಳಸುವ ಐದು ಪುಟಗಳಿಗೆ ಕನ್ನಡದ ಹೆಸರಿಡಿ. ಹತ್ತು ನಿಮಿಷಕ್ಕಿಂತ ಹೆಚ್ಚು ಹಿಡಿಯದು.