ಹರಿಹರದ ಲೇತ್ ಯಂತ್ರಗಳೂ ಭಾರತದ ಮೋಟಾರು ಕಾರಿನ ಮಾರುಕಟ್ಟೆಯೂ

೧

ಒಂದು ದೇಶದಲ್ಲಿ ವರ್ಷಕ್ಕೆ ಎಷ್ಟು ಮೋಟಾರು ಕಾರುಗಳು ತಯಾರಾದುವು, ಎಷ್ಟು ಮಾರಾಟವಾದುವು ಎಂಬ ಲೆಕ್ಕವನ್ನು ಆ ದೇಶದ ಕೈಗಾರಿಕೆಯ ಏಳಿಗೆಗೆ ಅಳತೆಗೋಲಾಗಿ ಹಿಡಿಯುವುದು ವಾಡಿಕೆ. ಈ ಲೆಕ್ಕದಂತೆ ನೋಡಿದರೆ ಭಾರತದ ಸ್ಥಾನವು ಉನ್ನತವಾದುದೇ ಸರಿ. ೨೦೨೨ರಲ್ಲಿ ಅದು ಜಪಾನನ್ನು ಹಿಂದಿಕ್ಕಿ, ಚೀನ ಮತ್ತು ಅಮೆರಿಕಗಳ ತರುವಾಯ ಪ್ರಪಂಚದ ಮೂರನೆಯ ದೊಡ್ಡ ಮೋಟಾರು ಮಾರುಕಟ್ಟೆಯಾಯಿತು. ಆದರೆ ಈ ಲೆಕ್ಕದ ಹಿಂದೆ ಮತ್ತೊಂದು ಲೆಕ್ಕವುಂಟು. ಕಾರನ್ನು ಮಾಡುವುದಕ್ಕೆ ಯಂತ್ರಗಳು ಬೇಕು. ಆ ಯಂತ್ರಗಳನ್ನು ಮಾಡತಕ್ಕವರು ಯಾರೆಂಬುದೇ ಆ ಎರಡನೆಯ ಲೆಕ್ಕ. ಮೊದಲನೆಯದು ಏರಿದಾಗ ಎರಡನೆಯದೂ ತಾನಾಗಿ ಏರುವುದೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಈ ಭಾವನೆ ಎಷ್ಟರಮಟ್ಟಿಗೆ ನಿಜವೆಂಬುದನ್ನು ಪರಿಶೀಲಿಸಲು ತುಂಗಭದ್ರೆಯ ದಡದ ಹರಿಹರದಷ್ಟು ತಕ್ಕ ನಿದರ್ಶನವು ಕನ್ನಡನಾಡಿನಲ್ಲಿ ಬೇರೊಂದಿಲ್ಲ.

೨

ಹರಿಹರವು ಪುರಾಣಪ್ರಸಿದ್ಧವಾದ ಕ್ಷೇತ್ರ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾದ ಪೋಲಾಳ್ವನು ಹದಿಮೂರನೆಯ ಶತಮಾನದಲ್ಲಿ ಕಟ್ಟಿಸಿದ ಹರಿಹರೇಶ್ವರನ ದೇವಾಲಯದಿಂದ ಅದು ವಿದ್ವಾಂಸರಿಗೆ ಪರಿಚಿತವಾಗಿದೆ. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಅದು ಮೈಸೂರು ಸಂಸ್ಥಾನದ ಗಡಿಯ ಊರು. ಹೊಳೆಯ ಆಚೆಯ ದಡವು ಬೊಂಬಾಯಿ ಪ್ರಾಂತ್ಯಕ್ಕೆ ಸೇರಿತ್ತು. ಬೆಂಗಳೂರಿನಿಂದ ಪುಣೆಯ ಕಡೆಗೆ ಹೋಗುವ ರೈಲುದಾರಿಯೂ ಹೆದ್ದಾರಿಯೂ ಇಲ್ಲಿಯೇ ಹೊಳೆಯನ್ನು ದಾಟುತ್ತವೆ. ಸುಮಾರು ಹದಿನಾಲ್ಕು ಕಿಲೋಮೀಟರು ದೂರದ ದಾವಣಗೆರೆಯು ಹತ್ತಿಯ ಪೇಟೆಯಾಗಿ ಬೆಳೆದು, ಅರಳೆಯ ವ್ಯಾಪಾರದ ಬೆನ್ನಲ್ಲಿ ಗಿರಣಿಗಳನ್ನು ಕಟ್ಟಿಕೊಂಡು, ಕರ್ನಾಟಕದ ಮ್ಯಾಂಚೆಸ್ಟರ್ ಎನ್ನಿಸಿಕೊಂಡಿತು.

ಈ ಹರಿಹರದಲ್ಲಿ ೧೯೪೧ರಲ್ಲಿ ಮೈಸೂರು ಕಿರ್ಲೋಸ್ಕರ್ ಎಂಬ ಕಂಪನಿಯು ಸ್ಥಾಪಿತವಾಯಿತು. ಇದರ ಮೂಲಪುರುಷರಾದ ಲಕ್ಷ್ಮಣರಾವ್ ಕಿರ್ಲೋಸ್ಕರರು ೧೮೬೯ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರು. ಬೆಳಗಾವಿಯಲ್ಲಿ ಸೈಕಲ್ಲಿನ ಅಂಗಡಿಯನ್ನಿಟ್ಟು ಪರದೇಶದ ಸರಕನ್ನು ಮಾರುತ್ತಿದ್ದವರು, ಮೇವು ಕತ್ತರಿಸುವ ಯಂತ್ರವನ್ನೂ ಕಬ್ಬಿಣದ ನೇಗಿಲನ್ನೂ ತಾವೇ ಮಾಡತೊಡಗಿದರು. ೧೯೧೦ರಲ್ಲಿ ಔಂಧ್ ಸಂಸ್ಥಾನದಲ್ಲಿ ಕಿರ್ಲೋಸ್ಕರವಾಡಿಯನ್ನು ನೆಲೆಗೊಳಿಸಿದರು. ಮಾರುವವನು ಮಾಡುವವನಾದುದು ಈ ಮನೆತನದ ಚರಿತ್ರೆಯ ಮೊದಲ ಅಧ್ಯಾಯ. ಮಾಡುವ ಯಂತ್ರವನ್ನೇ ಮಾಡುವೆನೆಂದು ಹೊರಟುದು ಎರಡನೆಯ ಅಧ್ಯಾಯ. ಅದು ಹರಿಹರದಲ್ಲಿ ಬರೆಯಲ್ಪಟ್ಟಿತು. ಎರಡನೆಯ ಮಹಾಯುದ್ಧದಿಂದಾಗಿ ಪರದೇಶದ ಯಂತ್ರಗಳು ಬರುವುದು ದುಸ್ತರವಾಗಿದ್ದ ಕಾಲವದು. ಕಾರ್ಖಾನೆಯ ಸುತ್ತ ಬೆಳೆದ ವಸತಿಗೆ ಯಂತ್ರಾಪುರವೆಂಬ ಹೆಸರು ಬಂದಿತು. ಹರಿಹರೇಶ್ವರನ ಕ್ಷೇತ್ರದಲ್ಲಿ ಯಂತ್ರದ ಹೆಸರಿನ ಪುರವೊಂದು ಹುಟ್ಟಿದುದು ಆ ಕಾಲದ ಆಶಯವನ್ನು ಚೆನ್ನಾಗಿ ಸೂಚಿಸುತ್ತದೆ.

ಇಲ್ಲಿ ತಯಾರಾಗುತ್ತಿದ್ದ ಮುಖ್ಯ ಸರಕು ಲೇತ್ ಯಂತ್ರ. ಲೋಹದ ತುಂಡನ್ನು ಕಚ್ಚಿ ಹಿಡಿದು ತಿರುಗಿಸುತ್ತ, ಹರಿತವಾದ ಉಳಿಯಿಂದ ಅದನ್ನು ಬೇಕಾದ ಆಕಾರಕ್ಕೂ ಗಾತ್ರಕ್ಕೂ ಕಡೆಯುವುದು ಇದರ ಕೆಲಸ. ಕಾರಿನ ಚಕ್ರದ ಅಚ್ಚು, ಎಂಜಿನ್ನಿನ ಪಿಸ್ಟನ್, ಗೇರುಗಳನ್ನು ಹೊತ್ತ ದಂಡ ಇವೆಲ್ಲ ಇಂತಹ ಕಡೆತಕ್ಕೆ ಒಳಗಾಗಿಯೇ ಹೊರಬರಬೇಕು. ಲೇತಿನಿಂದ ಮತ್ತೊಂದು ಲೇತಿನ ಅಂಗಗಳನ್ನೂ ಕಡೆಯಬಹುದು. ಆದುದರಿಂದಲೇ ಇಂತಹವುಗಳಿಗೆ ತಾಯಿಯಂತ್ರಗಳೆಂಬ ಹೆಸರು ಸಲ್ಲುತ್ತದೆ. ಸರ್ಕಾರದ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಕಾರ್ಖಾನೆಯು ಬೆಂಗಳೂರಿನಲ್ಲಿ ೧೯೫೩ರಲ್ಲಿ ಸ್ಥಾಪಿತವಾಗುವುದಕ್ಕೆ ಹನ್ನೆರಡು ವರ್ಷ ಮೊದಲೇ ಹರಿಹರವು ಈ ವಿದ್ಯೆಯಲ್ಲಿ ಕಾಲಿಟ್ಟಿತ್ತೆಂಬುದು ಗಮನಿಸತಕ್ಕ ಸಂಗತಿ.

೩

ಹರಿಹರದ ಕಾರ್ಖಾನೆ ಆರಂಭವಾದ ಕಾಲದಲ್ಲಿಯೇ ಮೈಸೂರು ಸಂಸ್ಥಾನದಲ್ಲಿ ಮೋಟಾರು ಕಾರ್ಖಾನೆಯ ಪ್ರಯತ್ನವೊಂದು ಮುರಿದುಬಿದ್ದುದನ್ನು ಇಲ್ಲಿ ನೆನೆಯಬೇಕು. ಅದುವರೆಗೆ ಭಾರತದಲ್ಲಿ ಕಾರನ್ನು ಮಾಡುತ್ತಿರಲಿಲ್ಲ. ೧೯೨೮ರಿಂದ ಜನರಲ್ ಮೋಟಾರ್ಸಿನವರೂ ಅವರ ಹಿಂದೆಯೇ ಫೋರ್ಡಿನವರೂ ಹೊರಗಿನಿಂದ ತಂದ ಭಾಗಗಳನ್ನು ಇಲ್ಲಿ ಜೋಡಿಸಿ ಮಾರುತ್ತಿದ್ದರು. ಸರ್ ಎಂ. ವಿಶ್ವೇಶ್ವರಯ್ಯನವರು ೧೯೩೫ರಲ್ಲಿ ಯೂರೋಪು ಅಮೆರಿಕಗಳನ್ನು ಸುತ್ತಿ, ಅಲ್ಲಿಯ ಕಾರ್ಖಾನೆಗಳನ್ನು ಕಂಡು, ಭಾರತದಲ್ಲಿಯೇ ಕಾರನ್ನೂ ಲಾರಿಯನ್ನೂ ತಯಾರಿಸುವ ಯೋಜನೆಯೊಂದನ್ನು ಸಿದ್ಧಪಡಿಸಿದರು. ವಾಲ್‌ಚಂದ್ ಹೀರಾಚಂದರು ಅದಕ್ಕೆ ಕೈಗೂಡಿಸಿ, ಅಮೆರಿಕದ ಕ್ರೈಸ್ಲರ್ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡರು. ಬೊಂಬಾಯಿಯ ಮಂತ್ರಿಮಂಡಲವು ೧೯೩೯ರಲ್ಲಿ ಅಧಿಕಾರವನ್ನು ಬಿಟ್ಟಮೇಲೆ, ಸರ್ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದ ಮೈಸೂರು ಸರ್ಕಾರವು ನೆರವಾಗಲು ಮುಂದೆ ಬಂದಿತು. ಆದರೆ ಯುದ್ಧಕಾರ್ಯಕ್ಕೆ ಇದು ಅವಶ್ಯವಲ್ಲವೆಂಬ ಕಾರಣದಿಂದ ಬ್ರಿಟಿಷ್ ಇಂಡಿಯಾ ಸರ್ಕಾರವು ಸಮ್ಮತಿಸದೆ ಯೋಜನೆ ನಿಂತುಹೋಯಿತು. ಅದೇ ವಾಲ್‌ಚಂದರ ವಿಮಾನದ ಕಾರ್ಖಾನೆಗೆ ಮಾತ್ರ ೧೯೪೦ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಸ್ಥಳ ದೊರೆಯಿತು. ಕಾರಿನ ಕಂಪನಿಯಾದರೋ ಪ್ರೀಮಿಯರ್ ಆಟೊಮೊಬೈಲ್ಸ್ ಎಂಬ ಹೆಸರಿನಿಂದ ೧೯೪೪ರಲ್ಲಿ ಬೊಂಬಾಯಿಯಲ್ಲಿ ಹುಟ್ಟಿತು.

ಹೀಗಾಗಿ ಮೈಸೂರು ಸಂಸ್ಥಾನಕ್ಕೆ ತಾಯಿಯಂತ್ರವು ದಕ್ಕಿತು, ಅದರಿಂದ ಹುಟ್ಟಬಹುದಾಗಿದ್ದ ಕಾರು ದಕ್ಕಲಿಲ್ಲ.

೪

ಸ್ವಾತಂತ್ರ್ಯಾನಂತರದ ಮೂವತ್ತು ವರ್ಷಗಳ ಉತ್ಪತ್ತಿಯ ಅಂಕಿಗಳನ್ನು ನೋಡಿದರೆ ಮಾರುಕಟ್ಟೆಯು ಎಷ್ಟು ಕಿರಿದಾಗಿತ್ತೆಂಬುದು ತಿಳಿಯುತ್ತದೆ. ಭಾರತದಲ್ಲಿ ತಯಾರಾದ ಕಾರು, ಜೀಪುಗಳ ಸಂಖ್ಯೆ ೧೯೫೦-೫೧ರಲ್ಲಿ ಸುಮಾರು ೮ ಸಾವಿರ. ೧೯೬೦-೬೧ರಲ್ಲಿ ಸುಮಾರು ೨೭ ಸಾವಿರ. ೧೯೭೦-೭೧ರಲ್ಲಿ ಸುಮಾರು ೪೭ ಸಾವಿರ. ೧೯೮೦-೮೧ರಲ್ಲಿ ಸುಮಾರು ೪೯ ಸಾವಿರ. ಮೊದಲ ಇಪ್ಪತ್ತು ವರ್ಷಗಳಲ್ಲಿ ಆರುಪಟ್ಟು ಬೆಳೆದುದು ಕೊನೆಯ ಹತ್ತು ವರ್ಷಗಳಲ್ಲಿ ನಿಂತಲ್ಲಿಯೇ ನಿಂತಿತು. ಪರದೇಶದ ಸಿದ್ಧ ಕಾರುಗಳಿಗೆ ತಡೆಯುಂಟಾಗಿತ್ತು; ಕೇವಲ ಭಾಗಗಳನ್ನು ಜೋಡಿಸುವ ಕಂಪನಿಗಳಿಗೆ ಇಲ್ಲಿ ಎಡೆಯಿಲ್ಲವೆಂಬ ೧೯೫೩ರ ನೀತಿಯಿಂದ ಫೋರ್ಡ್, ಜನರಲ್ ಮೋಟಾರ್ಸುಗಳು ಹೊರನಡೆದಿದ್ದುವು. ಹಿಂದೂಸ್ತಾನ್ ಮೋಟಾರ್ಸಿನ ಅಂಬಾಸಡರ್, ಪ್ರೀಮಿಯರಿನ ಫಿಯಟ್, ಮದ್ರಾಸಿನ ಸ್ಟ್ಯಾಂಡರ್ಡ್ ಇವಿಷ್ಟೇ ಕೊಳ್ಳುವವನ ಮುಂದಿದ್ದ ಆಯ್ಕೆ. ಹಣ ಕಟ್ಟಿ ವರ್ಷಗಟ್ಟಲೆ ಕಾಯುವುದು ಸಾಮಾನ್ಯವಾಗಿತ್ತು. ಎಷ್ಟು ಕಾರು ಮಾಡಬೇಕೆಂಬುದನ್ನು ಕೊಳ್ಳುವವರ ಬಯಕೆಯಲ್ಲ, ಸರ್ಕಾರದ ಪರವಾನಗಿಯು ನಿರ್ಧರಿಸುತ್ತಿತ್ತು.

ಈ ಕಿರಿದಾದ ಮಾರುಕಟ್ಟೆಯಲ್ಲಿಯೂ ಯಂತ್ರ ಕಟ್ಟುವವನಿಗೆ ಒಂದು ಅನುಕೂಲವಿತ್ತು. ಪರದೇಶದ ಯಂತ್ರಕ್ಕೆ ಹೆಚ್ಚಿನ ಸುಂಕವೂ ಆಮದಿಗೆ ಕಟ್ಟುಪಾಡೂ ಇದ್ದುದರಿಂದ, ಮೋಟಾರಿನ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆಗಳೂ ರೈಲ್ವೆ ಕಾರ್ಯಾಗಾರಗಳೂ ಕೈಗಾರಿಕಾ ತರಬೇತಿ ಶಾಲೆಗಳೂ ದೇಶೀಯ ಲೇತನ್ನೇ ಕೊಳ್ಳಬೇಕಾಗಿತ್ತು. ಇದರಲ್ಲಿಯೇ ದೋಷವೂ ಅಡಗಿತ್ತು. ಹೊರಗಿನ ಸ್ಪರ್ಧೆಯಿಲ್ಲದಲ್ಲಿ ಹೊಸ ಮಾದರಿಯ ಕಡೆಗೆ ನೂಕುವ ಒತ್ತಡವೂ ಕಡಮೆ. ಒಂದೇ ಆಕಾರದ ಕಾರು ದಶಕಗಳ ಕಾಲ ನಡೆಯುವಾಗ ಅದನ್ನು ಮಾಡುವ ಯಂತ್ರವೂ ಹಳೆಯದಾಗಿಯೇ ಉಳಿಯಬಲ್ಲುದು.

ಯಂತ್ರೋಪಕರಣದ ವ್ಯಾಪಾರಕ್ಕೆ ಸ್ವಭಾವಸಿದ್ಧವಾದ ಇನ್ನೊಂದು ಕಷ್ಟವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ನೂರು ಲೇತುಗಳಿರುವ ಬಿಡಿಭಾಗದ ಕಾರ್ಖಾನೆಯೊಂದನ್ನು ಊಹಿಸಿಕೊಳ್ಳಿರಿ. ಪ್ರತಿ ವರ್ಷವೂ ಹತ್ತು ಲೇತುಗಳು ಸವೆದುಹೋಗುತ್ತವೆ. ಕಾರಿನ ಮಾರಾಟವು ಇದ್ದಂತೆಯೇ ಇದ್ದರೆ ಆ ಕಾರ್ಖಾನೆ ಹತ್ತು ಹೊಸ ಲೇತುಗಳನ್ನು ಕೊಳ್ಳುತ್ತದೆ. ಮಾರಾಟವು ನೂರಕ್ಕೆ ಹತ್ತರಂತೆ ಏರಿದರೆ ಇಪ್ಪತ್ತನ್ನು ಕೊಳ್ಳುತ್ತದೆ. ನೂರಕ್ಕೆ ಹತ್ತರಂತೆ ಇಳಿದರೆ ಒಂದನ್ನೂ ಕೊಳ್ಳುವುದಿಲ್ಲ. ಕಾರು ಮಾರುವವನಿಗೆ ಅದು ಹತ್ತರಲ್ಲಿ ಒಂದು ಪಾಲಿನ ನಷ್ಟ. ಲೇತ್ ಮಾರುವವನಿಗೆ ಪೂರ್ಣ ನಷ್ಟ. ಪೇಟೆಯಲ್ಲಿ ನೆಗಡಿಯಾದರೆ ಹರಿಹರದಲ್ಲಿ ಜ್ವರವೇರುವುದಕ್ಕೆ ಕಾರಣ ಇದೇ. ೧೯೬೬ರಿಂದ ೧೯೬೮ರವರೆಗಿನ ಮುಗ್ಗಟ್ಟಿನಲ್ಲಿ ದೇಶದ ಯಂತ್ರೋದ್ಯಮಗಳೆಲ್ಲ ಈ ಜ್ವರವನ್ನು ಕಂಡುವು.

೫

೧೯೮೩ರ ಡಿಸೆಂಬರಿನಲ್ಲಿ ಗುರುಗಾಂವಿನ ಮಾರುತಿ ಕಾರ್ಖಾನೆಯ ಮೊದಲ ಕಾರು ಹೊರಬಂದಂದಿನಿಂದ ಮಾರುಕಟ್ಟೆಯ ಗತಿಯೇ ಬದಲಾಯಿತು. ೧೯೯೦-೯೧ರ ಹೊತ್ತಿಗೆ ಕಾರು, ಜೀಪುಗಳ ಉತ್ಪತ್ತಿ ಸುಮಾರು ೨ ಲಕ್ಷ ೨೧ ಸಾವಿರಕ್ಕೆ ಏರಿತು. ೨೦೦೦-೦೧ರ ವೇಳೆಗೆ ೬ ಲಕ್ಷವನ್ನು ಮೀರಿತು. ಆದರೆ ಮಾರುತಿಯೊಡನೆ ಸುಜುಕಿಯ ವಿದ್ಯೆಯೂ ಬಂದಿತು. ೧೯೯೧ರ ಆರ್ಥಿಕ ನೀತಿಯ ತರುವಾಯ ಸುಂಕಗಳು ಇಳಿದುವು. ೧೯೯೩ರಲ್ಲಿ ಕಾರಿನ ಉದ್ಯಮಕ್ಕೆ ಪರವಾನಗಿಯ ನಿರ್ಬಂಧವೂ ಹೋಯಿತು. ಕೈಯಿಂದ ನಡೆಸುವ ಲೇತಿನ ಸ್ಥಾನವನ್ನು ಗಣಕಯಂತ್ರದ ಅಂಕೆಯಲ್ಲಿ ತಾನಾಗಿ ನಡೆಯುವ ಲೇತ್ ಆಕ್ರಮಿಸಿತು. ಪರದೇಶದ ಹೊಸ ಯಂತ್ರಗಳೂ, ಅಲ್ಲಿ ಬಳಸಿಬಿಟ್ಟ ಹಳೆಯ ಯಂತ್ರಗಳೂ ಬಂದರುಗಳಲ್ಲಿ ಇಳಿಯತೊಡಗಿದುವು. ಇದರ ಮೇಲೆ ತೊಂಬತ್ತರ ದಶಕದ ಕೊನೆಯ ಮುಗ್ಗಟ್ಟೂ ಬಂದೆರಗಿತು. ೨೦೦೦ದ ಆಸುಪಾಸಿನ ವರ್ಷಗಳಲ್ಲಿ ಹರಿಹರದ ಕಾರ್ಖಾನೆಯ ಕೆಲಸ ನಿಂತುಹೋಯಿತು. ದಾವಣಗೆರೆಯ ಗಿರಣಿಗಳಲ್ಲಿ ಹೆಚ್ಚಿನವೂ ಆ ಶತಮಾನದೊಡನೆಯೇ ಮುಗಿದಿದ್ದುವು.

ಈ ಕಾಲದ ಇನ್ನೊಂದು ಘಟನೆಯನ್ನು ಹರಿಹರದ ಅವಸಾನದ ಪಕ್ಕದಲ್ಲಿಟ್ಟು ನೋಡಬೇಕು. ದಾವಣಗೆರೆಯು ಚಿತ್ರದುರ್ಗದಿಂದ ಬೇರ್ಪಟ್ಟು ಜಿಲ್ಲೆಯಾದ ೧೯೯೭ರಲ್ಲಿಯೇ ಟೊಯೋಟಾ ಕಿರ್ಲೋಸ್ಕರ್ ಮೋಟಾರ್ ಕಂಪನಿಯು ಸ್ಥಾಪಿತವಾಯಿತು. ಬೆಂಗಳೂರಿನ ಬಳಿಯ ಬಿಡದಿಯಲ್ಲಿ ತಯಾರಾದ ಅದರ ಕ್ವಾಲಿಸ್ ಗಾಡಿಯು ೨೦೦೦ದ ಜನವರಿಯಲ್ಲಿ ಪೇಟೆಗೆ ಬಂದಿತು. ವಿಶ್ವೇಶ್ವರಯ್ಯನವರು ಬಯಸಿದ್ದ ಕಾರಿನ ಕಾರ್ಖಾನೆ ಅರವತ್ತು ವರ್ಷಗಳ ಬಳಿಕ, ಕಿರ್ಲೋಸ್ಕರ್ ಹೆಸರನ್ನೇ ಹೊತ್ತು, ಹಳೆಯ ಮೈಸೂರಿನ ನೆಲದಲ್ಲಿ ನಿಂತಿತೆಂದು ಸಂತೋಷಪಡಬಹುದು. ಆದರೆ ಆ ಕಂಪನಿಯ ಬಂಡವಾಳದಲ್ಲಿ ಟೊಯೋಟಾದ ಪಾಲು ನೂರಕ್ಕೆ ೮೯, ಕಿರ್ಲೋಸ್ಕರರ ಪಾಲು ನೂರಕ್ಕೆ ೧೧ ಎಂಬುದನ್ನೂ ಮರೆಯಬಾರದು. ಒಂದೇ ಹೆಸರು ಹರಿಹರದಲ್ಲಿ ಸ್ವತಂತ್ರ ಕರ್ತೃವಾಗಿ ಅಸ್ತಮಿಸಿ, ಬಿಡದಿಯಲ್ಲಿ ಸಣ್ಣ ಪಾಲುಗಾರನಾಗಿ ಉದಯಿಸಿತು.

ಟೊಯೋಟಾದ ಹುಟ್ಟನ್ನು ವಿಚಾರಿಸಿದರೆ ಈ ಹೋಲಿಕೆಗೆ ಮತ್ತಷ್ಟು ಅರ್ಥ ಬರುತ್ತದೆ. ಅದು ಮೂಲತಃ ಮಗ್ಗದ ಮನೆತನ. ಸಾಕಿಚಿ ಟೊಯೋಡಾ ಎಂಬವನು ತಾನಾಗಿ ನಡೆಯುವ ಮಗ್ಗವನ್ನು ರಚಿಸಿದನು. ೧೯೨೬ರಲ್ಲಿ ಮಗ್ಗದ ಕಾರ್ಖಾನೆ ಏರ್ಪಟ್ಟಿತು. ೧೯೨೯ರಲ್ಲಿ ಆ ಮಗ್ಗದ ಹಕ್ಕನ್ನು ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕಂಪನಿಯು ಕೊಂಡಿತು. ಮಗ್ಗದ ಕಾರ್ಖಾನೆಯೊಳಗೆಯೇ ೧೯೩೩ರಲ್ಲಿ ಮೋಟಾರಿನ ಶಾಖೆ ತೆರೆದು, ೧೯೩೭ರಲ್ಲಿ ಅದು ಬೇರೆ ಕಂಪನಿಯಾಯಿತು. ದಾವಣಗೆರೆ ಹರಿಹರಗಳಲ್ಲಿಯೂ ನೂಲಿತ್ತು, ಲೇತಿತ್ತು. ಆದರೆ ದಾವಣಗೆರೆಯ ಗಿರಣಿಗಳು ಬಟ್ಟೆಯನ್ನು ನೇಯ್ದುವೇ ಹೊರತು ಮಗ್ಗವನ್ನು ಮಾಡಲಿಲ್ಲ. ಹರಿಹರವು ಯಂತ್ರವನ್ನು ಮಾಡಿತೇ ಹೊರತು ಕಾರನ್ನು ಮಾಡಲಿಲ್ಲ. ಅಲ್ಲಿ ನೂಲಿನಿಂದ ಯಂತ್ರಕ್ಕೂ ಯಂತ್ರದಿಂದ ಕಾರಿಗೂ ಒಂದೇ ಹಾದಿ ಹರಿಯಿತು. ಇಲ್ಲಿ ಪಕ್ಕಪಕ್ಕದ ಎರಡು ಊರುಗಳ ನಡುವೆಯೂ ಆ ಹಾದಿ ಕೂಡಲಿಲ್ಲ.

೬

ಈಚಿನ ಮಾರಾಟದ ಗತಿಯೂ ಮೇಲಿನ ವಿಚಾರವನ್ನೇ ಬಲಪಡಿಸುತ್ತದೆ. ದೇಶದೊಳಗೆ ಮಾರಾಟವಾದ ಪ್ರಯಾಣಿಕ ಮೋಟಾರು ಗಾಡಿಗಳು ೨೦೧೮-೧೯ರಲ್ಲಿ ಸುಮಾರು ೩೪ ಲಕ್ಷ. ಇದು ೨೦೧೯-೨೦ರಲ್ಲಿ ೨೮ ಲಕ್ಷಕ್ಕೂ, ಸಾಂಕ್ರಾಮಿಕ ರೋಗದ ೨೦೨೦-೨೧ರಲ್ಲಿ ೨೭ ಲಕ್ಷಕ್ಕೂ ಇಳಿಯಿತು. ಬಳಿಕ ಚೇತರಿಸಿ, ೨೦೨೩-೨೪ರಲ್ಲಿ ೪೨ ಲಕ್ಷವನ್ನೂ ೨೦೨೪-೨೫ರಲ್ಲಿ ೪೩ ಲಕ್ಷವನ್ನೂ ಮುಟ್ಟಿತು. ಒಳಗಿನ ಹಂಚಿಕೆಯೂ ಬದಲಾಗಿದೆ: ೨೦೨೪-೨೫ರಲ್ಲಿ ಎತ್ತರದ ಮೈಯ ಬಹೂಪಯೋಗಿ ಗಾಡಿಗಳು ಸುಮಾರು ೨೮ ಲಕ್ಷ ಮಾರಾಟವಾದರೆ, ಸಾಧಾರಣ ಕಾರುಗಳು ೧೪ ಲಕ್ಷವನ್ನೂ ಮುಟ್ಟಲಿಲ್ಲ. ಮಧ್ಯಮವರ್ಗದ ಮೊದಲ ಕಾರಾಗಿದ್ದ ಸಣ್ಣ ಗಾಡಿಯು ಹಿಂದೆ ಬಿದ್ದು, ಹೆಚ್ಚು ಬೆಲೆಯ ಗಾಡಿಯು ಮುಂದೆ ಬಂದಿದೆ. ದಾವಣಗೆರೆಯ ವಿದ್ಯಾನಗರದಂತಹ ಬಡಾವಣೆಯ ನಿವಾಸಿಯು ಈಗ ಕಾರಿಗಾಗಿ ವರ್ಷಗಟ್ಟಲೆ ಕಾಯಬೇಕಾಗಿಲ್ಲ. ಕೊಳ್ಳುವವನ ದೃಷ್ಟಿಯಿಂದ ಇದು ನಿಸ್ಸಂದೇಹವಾಗಿ ಲಾಭ.

ಹರಿಹರದ ಅಸ್ತಮಾನವನ್ನು ನಾಡಿನ ಯಂತ್ರವಿದ್ಯೆಯ ಅಸ್ತಮಾನವೆಂದು ಎಣಿಸುವುದೂ ತಪ್ಪಾದೀತು. ಬೆಂಗಳೂರಿನ ಸುತ್ತಮುತ್ತ ಯಂತ್ರೋಪಕರಣದ ಕಂಪನಿಗಳು ಬಾಳಿಕೊಂಡಿವೆ. ತುಮಕೂರಿನ ಬಳಿ ಈ ಉದ್ಯಮಕ್ಕೆಂದೇ ಕೈಗಾರಿಕಾ ಕ್ಷೇತ್ರವು ಏರ್ಪಟ್ಟಿದೆ. ದಾವಣಗೆರೆಯಲ್ಲಿ ೧೯೭೯ರಿಂದ ಬಾಪೂಜಿ ಎಂಜಿನಿಯರಿಂಗ್ ವಿದ್ಯಾಲಯವು ನಡೆಯುತ್ತಿದೆ. ಆದರೂ ಒಂದು ಮಾತು ನಿಲ್ಲುತ್ತದೆ. ಕಾರಿನ ಮಾರಾಟವು ೫೦ ಸಾವಿರವನ್ನು ಮುಟ್ಟದಿದ್ದ ದಿನಗಳಲ್ಲಿ ಹರಿಹರವು ಬಾಳಿತು. ಲಕ್ಷಗಳ ಲೆಕ್ಕ ಹಿಡಿದ ದಿನಗಳಲ್ಲಿ ಅಳಿಯಿತು. ಮಾರುಕಟ್ಟೆ ಹಿರಿದಾದಮಾತ್ರಕ್ಕೆ ಅದರ ಬೇರಿನಲ್ಲಿರುವ ಉದ್ಯಮವು ಬೆಳೆಯಲೇಬೇಕೆಂಬ ನಿಯಮವಿಲ್ಲವೆಂಬುದು ಇದರಿಂದ ಸಿದ್ಧವಾಗುತ್ತದೆ. ರಕ್ಷಣೆಯೊಂದೇ ಸಾಲದು, ಅದು ಹರಿಹರವನ್ನು ಉಳಿಸಿತು, ಹುರಿಗೊಳಿಸಲಿಲ್ಲ. ಸ್ಪರ್ಧೆಯೊಂದೇ ಸಾಲದು, ಅದು ಹುರಿಗೊಳ್ಳಲು ಅವಕಾಶ ಕೊಡುವ ಮೊದಲೇ ಉರುಳಿಸಿತು. ರಕ್ಷಣೆಯಿದ್ದ ನಲವತ್ತು ವರ್ಷಗಳನ್ನು ಸ್ಪರ್ಧೆಗೆ ಅಣಿಯಾಗುವ ಕಾಲವೆಂದು ರಾಜ್ಯವೂ ಉದ್ಯಮಿಗಳೂ ಬಳಸಿಕೊಂಡಿದ್ದರೆ ಫಲವು ಬೇರೆಯಾಗುತ್ತಿತ್ತೆಂದು ಊಹಿಸಲು ಜಪಾನಿನ ಚರಿತ್ರೆಯೇ ಆಧಾರ.

ಕಾರ್ಖಾನೆಯ ಕಟ್ಟಡವನ್ನು ಮತ್ತೆ ಕಟ್ಟಬಹುದು. ಯಂತ್ರವನ್ನು ಮತ್ತೆ ಕೊಳ್ಳಬಹುದು. ಕೂದಲೆಳೆಯಷ್ಟು ತಪ್ಪನ್ನು ಬೆರಳ ತುದಿಯಿಂದ ಗುರುತಿಸುವ ಕೈಚಳಕವು ಮಾತ್ರ ಒಂದು ತಲೆಮಾರು ಮತ್ತೊಂದಕ್ಕೆ ಪಕ್ಕದಲ್ಲಿ ನಿಂತು ಕಲಿಸಿದ ಹೊರತು ಉಳಿಯುವುದಿಲ್ಲ. ಯಂತ್ರಾಪುರದಲ್ಲಿ ಅರುವತ್ತು ವರ್ಷಗಳ ಕಾಲ ನಡೆದ ಆ ಪಾಠವು ನಿಂತುಹೋದುದು, ವರ್ಷವರ್ಷವೂ ಪ್ರಕಟವಾಗುವ ಮಾರಾಟದ ಅಂಕಿಗಳಲ್ಲಿ ಎಲ್ಲಿಯೂ ಕಾಣಬರುವುದಿಲ್ಲ. ಆ ಅಂಕಿಗಳನ್ನು ಓದುವವರು ಈ ನಷ್ಟವನ್ನೂ ಅವುಗಳ ಪಕ್ಕದಲ್ಲಿ ಬರೆದಿಟ್ಟುಕೊಳ್ಳುವುದು ಯುಕ್ತ.